ಓದುಗರ ಪ್ರಶ್ನೆ, ತಜ್ಞರ ಉತ್ತರ: ಬಿಳಿ ರಕ್ತಕಣದ ಹಿಡಿತವೂ ಅದು ಒಳಗೆ ಮುಟ್ಟಿಸುವ ಸುದ್ದಿಯೂ

ಬಿಳಿ ರಕ್ತಕಣಗಳು ಒಂದಕ್ಕೊಂದು ಅಂಟಲು, ರಕ್ತನಾಳದ ಗೋಡೆಗೆ ಅಂಟಲು ಬಳಸುವ ಅಣುಗಳ ಬಗ್ಗೆ ಬಂದ ಪ್ರಶ್ನೆಗಳನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಕೇಳಿದವರಲ್ಲಿ ಶಿಕ್ಷಕರಿದ್ದಾರೆ, ಸಂಶೋಧನಾ ವಿದ್ಯಾರ್ಥಿಗಳಿದ್ದಾರೆ, ಮಗುವಿನ ವರದಿ ಕೈಯಲ್ಲಿ ಹಿಡಿದ ತಂದೆಯೂ ಇದ್ದಾರೆ.

ಪ್ರಶ್ನೆ: ರಕ್ತ ಅಷ್ಟು ವೇಗವಾಗಿ ಹರಿಯುವಾಗ ಬಿಳಿ ರಕ್ತಕಣ ಸೋಂಕಾದ ಜಾಗದಲ್ಲೇ ನಿಲ್ಲುವುದು ಹೇಗೆ? ಮುಳ್ಳು ಚುಚ್ಚಿದ ಬೆರಳಿಗೇ ಹೋಗಬೇಕೆಂದು ಅದಕ್ಕೆ ಹೇಳುವವರು ಯಾರು?
— ಪ್ರೌಢಶಾಲಾ ವಿಜ್ಞಾನ ಶಿಕ್ಷಕಿ, ಶಿರಸಿ

ಉತ್ತರ: ಹೇಳುವುದು ಆ ಬೆರಳಿನ ರಕ್ತನಾಳದ ಒಳಗೋಡೆಯೇ. ಗಾಯವಾದಾಗ ಬಿಡುಗಡೆಯಾಗುವ ಹಿಸ್ಟಮಿನ್, ಥ್ರಾಂಬಿನ್‌ಗಳು ಗೋಡೆಯ ಕೋಶಗಳನ್ನು ಮುಟ್ಟಿದ ಕೆಲವೇ ನಿಮಿಷಗಳಲ್ಲಿ, ಅವುಗಳೊಳಗೆ ಮೊದಲೇ ದಾಸ್ತಾನಿದ್ದ ಪಿ-ಸೆಲೆಕ್ಟಿನ್ ಎಂಬ ಅಣು ಮೇಲೆ ಬರುತ್ತದೆ. ಇ-ಸೆಲೆಕ್ಟಿನ್ ದಾಸ್ತಾನಿನಲ್ಲಿ ಇರುವುದಿಲ್ಲ. ಟಿಎನ್‌ಎಫ್, ಐಎಲ್-1 ಎಂಬ ಉರಿಯೂತದ ಸಂಕೇತಗಳು ಬಂದ ಮೇಲೆ ಹೊಸದಾಗಿ ತಯಾರಾಗಬೇಕು, ಹಾಗಾಗಿ ಅದು ಗರಿಷ್ಠ ಮಟ್ಟಕ್ಕೆ ಬರಲು ಸುಮಾರು 4ರಿಂದ 6 ಗಂಟೆ ಹಿಡಿಯುತ್ತದೆ. ಗೋಡೆಯ ಮತ್ತೊಂದು ಅಂಟು ಅಣುವಾದ ಐಕ್ಯಾಮ್-1 ಇನ್ನೂ ನಿಧಾನ. ಮುಳ್ಳು ಚುಚ್ಚಿದ ಜಾಗ ಸಂಜೆಯ ಹೊತ್ತಿಗೆ ಊದಿಕೊಂಡು ನೋಯುವುದರ ಹಿಂದೆ ಈ ವೇಳಾಪಟ್ಟಿಯ ಪಾಲೂ ಇದೆ.

ಹರಿದು ಬರುವ ನ್ಯೂಟ್ರೊಫಿಲ್ ಎಂಬ ಬಿಳಿ ರಕ್ತಕಣದ ಮೈಮೇಲೆ ಪಿಎಸ್‌ಜಿಎಲ್-1 ಎಂಬ ಉದ್ದನೆಯ ಪ್ರೋಟೀನ್ ಚಾಚಿಕೊಂಡಿರುತ್ತದೆ. ಅದರ ತುದಿಯ ಸಕ್ಕರೆ ಸರಪಳಿಯನ್ನು ಸೆಲೆಕ್ಟಿನ್ ಹಿಡಿಯುತ್ತದೆ. ಈ ಹಿಡಿತ ಒಂದು ಸೆಕೆಂಡೂ ಬಾಳುವುದಿಲ್ಲ. ಹಿಂದಿನದು ಬಿಡುವಷ್ಟರಲ್ಲಿ ಮುಂದೆ ಇನ್ನೊಂದು ಹಿಡಿಯುವುದರಿಂದ ಕೋಶ ಗೋಡೆಯ ಮೇಲೆ ಉರುಳತೊಡಗುತ್ತದೆ. ಸಾಮಾನ್ಯವಾಗಿ ಎಳೆದರೆ ಬಂಧ ಬೇಗ ಬಿಡಬೇಕು. ಪಿ-ಸೆಲೆಕ್ಟಿನ್ ಬಂಧ ಮಾತ್ರ ಒಂದು ಮಿತಿಯವರೆಗೆ ಎಳೆದಷ್ಟೂ ಹೆಚ್ಚು ಹೊತ್ತು ಬಾಳುತ್ತದೆ. ಇದನ್ನು 2003ರಲ್ಲಿ ಪ್ರಯೋಗದಿಂದ ತೋರಿಸಲಾಯಿತು. ಎಲ್-ಸೆಲೆಕ್ಟಿನ್‌ನಲ್ಲಿ ಇದು ಇನ್ನೂ ಸ್ಪಷ್ಟ: ಹರಿವು ತೀರಾ ಕಡಿಮೆಯಾದರೆ ಉರುಳುತ್ತಿದ್ದ ಕೋಶ ಗೋಡೆಯಿಂದ ಕಳಚಿಕೊಳ್ಳುತ್ತದೆ. ನಿಂತ ದ್ರವದಲ್ಲಿ ಪ್ರಯೋಗ ಮಾಡಿ ಸೆಲೆಕ್ಟಿನ್ ಬಗ್ಗೆ ತೀರ್ಮಾನಕ್ಕೆ ಬರಬಾರದು ಎನ್ನುವುದು ಇದಕ್ಕಾಗಿಯೇ.

ಉರುಳುವಾಗ ಕೋಶದ ವೇಗ ಇಳಿಯುತ್ತದೆ, ಗೋಡೆಗೆ ಅಂಟಿಕೊಂಡಿರುವ ಐಎಲ್-8ನಂಥ ಕೀಮೊಕೈನ್‌ಗಳನ್ನು (ಕೋಶಗಳನ್ನು ಕರೆಯುವ ಸಂಕೇತ ಅಣುಗಳನ್ನು) ಸವರಿ ನೋಡಲು ಅವಕಾಶ ಸಿಗುತ್ತದೆ. ಕೀಮೊಕೈನ್ ಸಿಕ್ಕ ಸುಮಾರು ಒಂದು ಸೆಕೆಂಡಿನೊಳಗೆ ಕೋಶದ ಮೈಮೇಲಿನ ಇಂಟೆಗ್ರಿನ್ ಎಂಬ ಅಂಟು ಅಣುಗಳು ತೆರೆದುಕೊಂಡು ಐಕ್ಯಾಮ್-1 ಅನ್ನು ಬಿಗಿಯಾಗಿ ಹಿಡಿಯುತ್ತವೆ, ಕೋಶ ನಿಲ್ಲುತ್ತದೆ. ಆಮೇಲೆ ಗೋಡೆಯ ಮೇಲೆ ತೆವಳಿ, ಎರಡು ಕೋಶಗಳ ಸಂದಿನಿಂದ ಹೊರಗೆ ನುಸುಳುತ್ತದೆ. ಉರುಳು, ಸುದ್ದಿ, ನಿಲುಗಡೆ ಎಂಬ ಮೂರೂ ಒಂದಾದ ಮೇಲೊಂದು ಆದರೆ ಮಾತ್ರ ಪ್ರವೇಶ. ಬೆರಳಿನ ವಿಳಾಸ ಯಾವುದೋ ಒಂದು ಅಣುವಿನಲ್ಲಿ ಇಲ್ಲ, ಈ ಮೂರರ ಜೋಡಣೆಯಲ್ಲಿದೆ. ಈ ಚಿತ್ರವನ್ನು 1990ರ ದಶಕದಲ್ಲಿ ಕಟ್ಟಿದವರಲ್ಲಿ ಮುಖ್ಯರಾದ ಟಿಮೊಥಿ ಸ್ಪ್ರಿಂಗರ್ ಅವರಿಗೆ, ರಿಚರ್ಡ್ ಹೈನ್ಸ್ ಮತ್ತು ಎರ್ಕಿ ರೂಸ್ಲಾಹ್ಟಿ ಅವರೊಂದಿಗೆ, ಇಂಟೆಗ್ರಿನ್ ಸಂಶೋಧನೆಗಾಗಿ 2022ರ ಲಾಸ್ಕರ್ ಪ್ರಶಸ್ತಿ ಬಂತು.

ಪ್ರಶ್ನೆ: ಇಂಟೆಗ್ರಿನ್‌ನ ಒಳಬಾಲಕ್ಕೆ ಕೈನೇಸ್ (ಫಾಸ್ಫೇಟ್ ಹಚ್ಚುವ ಕಿಣ್ವ) ಚಟುವಟಿಕೆ ಇಲ್ಲ ಎಂದು ಪಠ್ಯದಲ್ಲಿದೆ. ಕಿಣ್ವವೇ ಇಲ್ಲದ ಅಣು ಸಂಕೇತ ರವಾನಿಸುವುದು ಹೇಗೆ? ‘ಒಳಗಿನಿಂದ ಹೊರಗೆ’, ‘ಹೊರಗಿನಿಂದ ಒಳಗೆ’ ಎಂಬ ಎರಡು ದಾರಿಗಳು ಗೊಂದಲವಾಗುತ್ತಿವೆ.
— ಎಂ.ಎಸ್ಸಿ. ಜೀವರಸಾಯನಶಾಸ್ತ್ರ ವಿದ್ಯಾರ್ಥಿ, ಧಾರವಾಡ

ಉತ್ತರ: ಮೊದಲು ಆಕಾರ ತಿಳಿಯಿರಿ, ದಾರಿಗಳು ತಾವಾಗಿಯೇ ಬಿಡಿಸಿಕೊಳ್ಳುತ್ತವೆ. ಇಂಟೆಗ್ರಿನ್ ಎಂದರೆ ಒಂದು ಆಲ್ಫಾ, ಒಂದು ಬೀಟಾ ಸರಪಳಿ ಸೇರಿದ ಜೋಡಿ. ಮನುಷ್ಯರಲ್ಲಿ 18 ಆಲ್ಫಾ, 8 ಬೀಟಾ ಇದ್ದು 24 ಜೋಡಿಗಳಾಗುತ್ತವೆ. ಬಿಳಿ ರಕ್ತಕಣಗಳಿಗೇ ಮೀಸಲಾದದ್ದು ಬೀಟಾ-2, ಅಂದರೆ ಸಿಡಿ18. ಅದು ಸಿಡಿ11ಎ ಜೊತೆ ಸೇರಿದರೆ ಎಲ್‌ಎಫ್‌ಎ-1, ಸಿಡಿ11ಬಿ ಜೊತೆ ಸೇರಿದರೆ ಮ್ಯಾಕ್-1.

ಸುಮ್ಮನಿರುವ ಕೋಶದಲ್ಲಿ ಎಲ್‌ಎಫ್‌ಎ-1 ಮಂಡಿ ಮಡಚಿ ಕುಳಿತಂತೆ ಬಾಗಿರುತ್ತದೆ, ತಲೆ ಕೋಶಪೊರೆಯ ಕಡೆಗಿರುತ್ತದೆ. ಎರಡನೆಯ ಸ್ಥಿತಿಯಲ್ಲಿ ಎದ್ದು ನಿಲ್ಲುತ್ತದೆ, ತಲೆ ಇನ್ನೂ ಮುಚ್ಚಿರುತ್ತದೆ. ಮೂರನೆಯದರಲ್ಲಿ ತಲೆಯೂ ತೆರೆಯುತ್ತದೆ. ಐಕ್ಯಾಮ್-1 ಅನ್ನು ಹಿಡಿಯುವ ಭಾಗವನ್ನಷ್ಟೇ ಪ್ರತ್ಯೇಕಿಸಿ ಅಳೆದರೆ, ಮುಚ್ಚಿದ ಮತ್ತು ಪೂರ್ತಿ ತೆರೆದ ಸ್ಥಿತಿಗಳ ನಡುವೆ ಹಿಡಿತದ ಬಿಗಿ ಸುಮಾರು 10,000 ಪಟ್ಟು ಬದಲಾಗುತ್ತದೆ. ಅಣುಗಳ ಸಂಖ್ಯೆ ಅಷ್ಟೇ ಇರುತ್ತದೆ, ಆಕಾರ ಬೇರೆಯಾಗುತ್ತದೆ. ‘ಇದೆ’ ಎನ್ನುವುದಕ್ಕೂ ‘ಕೆಲಸ ಮಾಡುತ್ತಿದೆ’ ಎನ್ನುವುದಕ್ಕೂ ಇರುವ ಈ ಅಂತರವನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಮುಂದಿನ ಹಲವು ಉತ್ತರಗಳು ಇದರ ಮೇಲೆಯೇ ನಿಂತಿವೆ.

ಒಳಗಿನಿಂದ ಹೊರಗೆ: ಕೀಮೊಕೈನ್ ತನ್ನ ಗ್ರಾಹಕಕ್ಕೆ ತಗುಲಿದಾಗ ಜಿ-ಪ್ರೋಟೀನ್ ಮೂಲಕ ಫಾಸ್ಫೊಲೈಪೇಸ್-ಸಿ ಚುರುಕಾಗುತ್ತದೆ, ಕೋಶದೊಳಗೆ ಕ್ಯಾಲ್ಸಿಯಂ ಮತ್ತು ಡೈಅಸೈಲ್‌ಗ್ಲಿಸರಾಲ್ ಏರುತ್ತವೆ. ಇವೆರಡನ್ನೂ ಗುರುತಿಸುವ ಒಂದು ಪ್ರೋಟೀನ್, ರ‍್ಯಾಪ್-1 ಎಂಬ ಸಣ್ಣ ಜಿಟಿಪಿಯೇಸ್‌ಗೆ ಜಿಟಿಪಿ ತುಂಬುತ್ತದೆ. ರ‍್ಯಾಪ್-1 ಟಾಲಿನ್ ಎಂಬ ಪ್ರೋಟೀನನ್ನು ಪೊರೆಯ ಹತ್ತಿರಕ್ಕೆ ತರುತ್ತದೆ. ಟಾಲಿನ್‌ನ ತಲೆ ಬೀಟಾ-2 ಬಾಲದ ಒಂದು ತಾಣಕ್ಕೆ, ಕಿಂಡ್ಲಿನ್-3 ಎಂಬ ಪ್ರೋಟೀನ್ ಇನ್ನೊಂದು ತಾಣಕ್ಕೆ ಕೂರುತ್ತವೆ. ಆಲ್ಫಾ, ಬೀಟಾ ಬಾಲಗಳು ಒಂದನ್ನೊಂದು ಬಿಡುತ್ತವೆ, ಆ ಅಗಲಿಕೆ ಪೊರೆಯನ್ನು ದಾಟಿ ಹೊರಗಿನ ತಲೆಯವರೆಗೂ ತಲುಪುತ್ತದೆ. ಟಾಲಿನ್‌ನ ಇನ್ನೊಂದು ತುದಿ ಕೋಶದ ಚೌಕಟ್ಟಾದ ಆಕ್ಟಿನ್ ಎಳೆಗಳಿಗೆ ಕಟ್ಟಿಕೊಂಡಿದೆ. ಹೊರಗೆ ಐಕ್ಯಾಮ್-1 ಹಿಡಿದು ನಿಂತಿರುವಾಗ ಒಳಗೆ ಆಕ್ಟಿನ್ ಹರಿವು ಎಳೆದರೆ ತಲೆ ತೆರೆದ ಸ್ಥಿತಿಯಲ್ಲೇ ಉಳಿಯುತ್ತದೆ. ಅದೇ ಎಳೆತಕ್ಕೆ ಟಾಲಿನ್‌ನ ದೇಹದ ಮಡಿಕೆಗಳು ಬಿಚ್ಚಿಕೊಂಡು ವಿಂಕ್ಯುಲಿನ್ ಎಂಬ ಪ್ರೋಟೀನ್ ಕೂರುವ ತಾಣಗಳು ತೆರೆದುಕೊಳ್ಳುತ್ತವೆ. ಬಲವೇ ರಾಸಾಯನಿಕ ಸಂಕೇತವಾಗಿ ಮಾರ್ಪಡುವ ಜಾಗ ಇದು. ಕಿಣ್ವವಿಲ್ಲದ ಅಣು ಮಾತಾಡುವುದು ಹೇಗೆ ಎಂಬ ನಿಮ್ಮ ಪ್ರಶ್ನೆಗೆ ಉತ್ತರದ ಅರ್ಧ ಇಲ್ಲಿದೆ.

ಉಳಿದರ್ಧ, ಹೊರಗಿನಿಂದ ಒಳಗೆ: ಹಿಡಿದ ಇಂಟೆಗ್ರಿನ್‌ಗಳು ಗುಂಪುಗೂಡಿದಾಗ ಅವುಗಳ ಬಾಲದ ಬಳಿ ಸಾರ್ಕ್ ಕುಟುಂಬದ ಕೈನೇಸ್‌ಗಳು ಒಟ್ಟಾಗುತ್ತವೆ. ನ್ಯೂಟ್ರೊಫಿಲ್‌ನಲ್ಲಿ ಅವು ಎಚ್‌ಸಿಕೆ, ಎಫ್‌ಜಿಆರ್, ಲಿನ್. ಇವು ಪಕ್ಕದಲ್ಲಿರುವ ಡಿಎಪಿ-12 ಮತ್ತು ಎಫ್‌ಸಿಆರ್-ಗಾಮಾ ಎಂಬ ಪ್ರೋಟೀನ್‌ಗಳ ‘ಐಟ್ಯಾಮ್’ ಭಾಗಕ್ಕೆ ಫಾಸ್ಫೇಟ್ ಹಚ್ಚುತ್ತವೆ. ಅಲ್ಲಿ ಸಿಕ್ ಕೈನೇಸ್ ಕೂರುತ್ತದೆ. ಸಂಕೇತ ಮುಂದೆ ಎಸ್‌ಎಲ್‌ಪಿ-76, ವ್ಯಾವ್, ಫಾಸ್ಫೊಲೈಪೇಸ್-ಸಿ ಗಾಮಾ-2 ಎಂಬ ಪ್ರೋಟೀನ್‌ಗಳಿಗೆ ಸಾಗುತ್ತದೆ. ಕೊನೆಗೆ ಕೋಶ ಹರಡಿಕೊಳ್ಳುತ್ತದೆ, ತನ್ನೊಳಗಿನ ಸೂಕ್ಷ್ಮ ಕಣಗಳನ್ನು ಹೊರಸುರಿಯುತ್ತದೆ, ಆಮ್ಲಜನಕದ ವಿಷ ರೂಪಗಳನ್ನು ಉತ್ಪಾದಿಸುತ್ತದೆ. ಗಮನಿಸಿ: ಐಟ್ಯಾಮ್ ಎಂಬುದು ಪ್ರತಿಜನಕ (ಆಂಟಿಜನ್) ಗುರುತಿಸುವ ಗ್ರಾಹಕಗಳ ಸಲಕರಣೆ. ಅಂಟುವ ಅಣು ತನ್ನದೇ ಕಿಣ್ವ ಇಟ್ಟುಕೊಳ್ಳದೆ ಅದನ್ನೇ ಕಡ ಪಡೆಯುತ್ತದೆ.

ಪರಿಣಾಮ ಎಷ್ಟು ದೊಡ್ಡದೆಂದರೆ, ದ್ರವದಲ್ಲಿ ತೇಲುವ ನ್ಯೂಟ್ರೊಫಿಲ್‌ಗೆ ಟಿಎನ್‌ಎಫ್ ಕೊಟ್ಟರೆ ಹೆಚ್ಚೇನೂ ಆಗುವುದಿಲ್ಲ. ಅದೇ ಕೋಶ ಪ್ರೋಟೀನ್ ಲೇಪಿಸಿದ ತಳಕ್ಕೆ ಅಂಟಿಕೊಂಡಿದ್ದರೆ ಅದೇ ಟಿಎನ್‌ಎಫ್‌ಗೆ ಬಹಳ ಹೊತ್ತು, ಭಾರಿ ಪ್ರಮಾಣದಲ್ಲಿ ಸೂಪರ್‌ಆಕ್ಸೈಡ್ ಹೊರಬಿಡುತ್ತದೆ. ರಕ್ತದಲ್ಲಿ ಹರಿಯುವಾಗ ಆಯುಧ ತೆಗೆಯದಂತೆ, ಅಂಗಾಂಶ ಹೊಕ್ಕ ಮೇಲೆ ಮಾತ್ರ ತೆಗೆಯುವಂತೆ ದೇಹ ಇಟ್ಟುಕೊಂಡ ಅನುಮತಿ ಇದು.

ಸೆಲೆಕ್ಟಿನ್ ಹಿಡಿತವೂ ಮೂಕವಲ್ಲ. ಉರುಳುವಾಗಲೇ ಪಿಎಸ್‌ಜಿಎಲ್-1 ಮೂಲಕ ಹೋಗುವ ಸಂಕೇತ ಎಲ್‌ಎಫ್‌ಎ-1 ಅನ್ನು ಎರಡನೆಯ ಸ್ಥಿತಿಗೆ ಎಬ್ಬಿಸುತ್ತದೆ, ಉರುಳು ನಿಧಾನವಾಗುತ್ತದೆ. ಎಲ್ಲ ಅಂಟು ಅಣುಗಳೂ ‘ಮುಂದೆ ಹೋಗು’ ಎನ್ನುವುದಿಲ್ಲ ಎಂಬುದನ್ನೂ ಬರೆದುಕೊಳ್ಳಿ: ಪೀಕ್ಯಾಮ್-1ರ ಬಾಲದಲ್ಲಿರುವ ‘ಐಟಿಮ್’ ಭಾಗಗಳು ಎಸ್‌ಎಚ್‌ಪಿ-2 ಎಂಬ ಫಾಸ್ಫಟೇಸ್ ಅನ್ನು (ಫಾಸ್ಫೇಟ್ ತೆಗೆಯುವ ಕಿಣ್ವವನ್ನು) ಕರೆಸಿ ಸಂಕೇತವನ್ನು ತಗ್ಗಿಸುತ್ತವೆ.

ಪ್ರಶ್ನೆ: ಅಸ್ತಮಾಕ್ಕೆ ಪ್ರೆಡ್ನಿಸೊಲೋನ್ ಮಾತ್ರೆ ತೆಗೆದುಕೊಂಡ ಮರುದಿನ ಬಿಳಿ ರಕ್ತಕಣ 14,000 ಬಂದಿದೆ. ಜ್ವರವಿಲ್ಲ. ಸೋಂಕೇ?
— ಓದುಗರು, ತುಮಕೂರು

ಉತ್ತರ: ಮಾತ್ರೆಯಿಂದಲೇ ಹೀಗೆ ಆಗಬಹುದು. ರಕ್ತನಾಳದಲ್ಲಿರುವ ನ್ಯೂಟ್ರೊಫಿಲ್‌ಗಳ ಸುಮಾರು ಅರ್ಧದಷ್ಟು ಗೋಡೆಯ ಬಳಿ ನಿಧಾನವಾಗಿ ಉರುಳುತ್ತಲೋ ನಿಂತೋ ಇರುತ್ತವೆ, ಸೂಜಿಯಿಂದ ತೆಗೆದ ರಕ್ತದಲ್ಲಿ ಲೆಕ್ಕಕ್ಕೆ ಸಿಗುವುದಿಲ್ಲ. ಸ್ಟಿರಾಯ್ಡ್ ಅಂಟುವ ಅಣುಗಳನ್ನು ತಗ್ಗಿಸಿ ಅವನ್ನು ಹರಿವಿಗೆ ಬಿಡಿಸುತ್ತದೆ, ಮಜ್ಜೆಯಿಂದಲೂ ಹೊಸ ಕೋಶಗಳನ್ನು ಹೊರಡಿಸುತ್ತದೆ. ಕೆಲವೇ ಗಂಟೆಗಳಲ್ಲಿ ಎಣಿಕೆ ಏರುತ್ತದೆ. ಎಳೆಯ ‘ಬ್ಯಾಂಡ್’ ಕೋಶಗಳು ಹೆಚ್ಚಿದ್ದರೆ ಅಥವಾ ಕೋಶದೊಳಗಿನ ಕಣಗಳು ಒರಟಾಗಿ ಕಂಡರೆ ಸೋಂಕಿನ ಅನುಮಾನ ಬಲವಾಗುತ್ತದೆ. ಆದರೆ ಸ್ಟಿರಾಯ್ಡ್ ಜ್ವರವನ್ನೂ ಮುಚ್ಚಬಲ್ಲದು. ವರದಿಯ ಜೊತೆ ಮಾತ್ರೆಯ ಪ್ರಮಾಣ, ನುಂಗಿದ ಸಮಯ ಬರೆದು ನಿಮ್ಮ ವೈದ್ಯರಿಗೆ ತೋರಿಸಿ, ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ.

ಪ್ರಶ್ನೆ: ನಮ್ಮ ಗಂಡುಮಗುವಿಗೆ ಹುಟ್ಟಿ 32 ದಿನವಾದರೂ ಹೊಕ್ಕುಳಬಳ್ಳಿ ಬಿದ್ದಿಲ್ಲ. ಸುತ್ತ ಕೆಂಪಾಗಿದೆ, ಕೀವಿಲ್ಲ. ಬಿಳಿ ರಕ್ತಕಣ 48,000. ವೈದ್ಯರು ‘ಸಿಡಿ18 ಫ್ಲೋ’ ಪರೀಕ್ಷೆ ಬರೆದಿದ್ದಾರೆ. ನಮ್ಮದು ಸೋದರಸಂಬಂಧದ ಮದುವೆ. ಏನಿದು?
— ತಂದೆ, ವಿಜಯಪುರ ಜಿಲ್ಲೆ

ಉತ್ತರ: ನಿಮ್ಮ ವೈದ್ಯರು ಸರಿಯಾದ ದಾರಿಯಲ್ಲಿದ್ದಾರೆ. ಪರೀಕ್ಷೆಯನ್ನು ಮುಂದೂಡಬೇಡಿ. ಮಗುವಿಗೆ ಜ್ವರ ಬಂದರೆ, ಹಾಲು ಕುಡಿಯುವುದು ಬಿಟ್ಟರೆ, ಕೆಂಪು ಹರಡಿದರೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ.

ಬಳ್ಳಿ ಸಾಮಾನ್ಯವಾಗಿ ಒಂದರಿಂದ ಎರಡು ವಾರದಲ್ಲಿ ಬೀಳುತ್ತದೆ. ಅದನ್ನು ಕಳಚುವ ಕೆಲಸದಲ್ಲಿ ನ್ಯೂಟ್ರೊಫಿಲ್‌ಗಳ ಪಾತ್ರ ದೊಡ್ಡದು. ಸಿಸೇರಿಯನ್ ಆದ ಮಕ್ಕಳಲ್ಲಿ, ಬಳ್ಳಿಗೆ ನಂಜುನಾಶಕ ಹಚ್ಚಿದವರಲ್ಲಿ ಯಾವ ಕಾಯಿಲೆಯೂ ಇಲ್ಲದೆ ತಡವಾಗುವುದುಂಟು. ನವಜಾತ ಶಿಶುವಿನ ಎಣಿಕೆ ಮೊದಲ ದಿನಗಳಲ್ಲಿ ಹೇಗೂ ಹೆಚ್ಚಿರುತ್ತದೆ. ಹಾಗಾಗಿ ಬಳ್ಳಿ ಬೀಳದಿರುವುದೊಂದೇ ಇದ್ದರೆ ಗಾಬರಿ ಬೇಡ. ಆದರೆ ತಿಂಗಳು ದಾಟಿಯೂ ಬೀಳದ ಬಳ್ಳಿ, ಕೀವಿಲ್ಲದ ಉರಿಯೂತ, ಈ ವಯಸ್ಸಿಗೆ 48,000 ಎಣಿಕೆ — ಮೂರೂ ಸೇರಿದಾಗ ‘ಲ್ಯಾಡ್’ ಎಂಬ, ಬಿಳಿ ರಕ್ತಕಣ ಅಂಟದ ಆನುವಂಶಿಕ ಕೊರತೆಯನ್ನು ಹುಡುಕಲೇಬೇಕು. ಕೀವು ಎಂದರೆ ಬಹುಪಾಲು ಸತ್ತ ನ್ಯೂಟ್ರೊಫಿಲ್‌ಗಳೇ. ರಕ್ತದಲ್ಲಿ ತುಂಬಿ ತುಳುಕುತ್ತಿದ್ದರೂ ಗಾಯದಲ್ಲಿ ಒಂದೂ ಇಲ್ಲವೆಂದರೆ, ಅವು ನಾಳದಿಂದ ಹೊರಬರುತ್ತಿಲ್ಲ ಎಂದರ್ಥ.

ಲ್ಯಾಡ್‌ನ ಮೂರು ಬಗೆಗಳಲ್ಲಿ ಮೊದಲನೆಯದರಲ್ಲಿ 21ನೇ ವರ್ಣತಂತುವಿನ ಐಟಿಜಿಬಿ-2 ಜೀನ್ ಕೆಟ್ಟು ಸಿಡಿ18 ತಯಾರಾಗುವುದಿಲ್ಲ. ಸಿಡಿ18 ಇಲ್ಲದೆ ಅದರ ಜೋಡಿ ಸಿಡಿ11 ಸರಪಳಿಗಳೂ ಕೋಶದ ಮೇಲೆ ಬರುವುದಿಲ್ಲ. ಸಿಡಿ18 ಸಾಮಾನ್ಯರಲ್ಲಿರುವ ಪ್ರಮಾಣದ ಶೇ. 2ಕ್ಕೂ ಕಡಿಮೆ ಇದ್ದರೆ ತೀವ್ರ ಎಂದೂ, ಶೇ. 2ರಿಂದ 30ರವರೆಗೆ ಇದ್ದರೆ ಮಧ್ಯಮ ಎಂದೂ ಪರಿಗಣಿಸುತ್ತಾರೆ. ಕೋಶದ ಮೇಲಿನ ಸಿಡಿ18 ಅನ್ನು ಹೊಳೆಯುವ ಬಣ್ಣದಿಂದ ಅಳೆಯುವ ಈ ಫ್ಲೋ ಪರೀಕ್ಷೆಗೆ ಇಡಿಟಿಎ (ರಕ್ತ ಹೆಪ್ಪುಗಟ್ಟದಂತೆ ತಡೆಯುವ) ಟ್ಯೂಬಿನಲ್ಲಿ ಒಂದೆರಡು ಮಿಲಿಲೀಟರ್ ರಕ್ತ ಸಾಕು. ಅದನ್ನು ಫ್ರಿಜ್‌ನಲ್ಲಿಡದೆ, ಕೋಣೆಯ ಉಷ್ಣಾಂಶದಲ್ಲಿ, ಸಾಧ್ಯವಾದಷ್ಟು 24 ಗಂಟೆಯೊಳಗೆ ಪ್ರಯೋಗಾಲಯಕ್ಕೆ ಮುಟ್ಟಿಸಬೇಕು. ಬೇಸಿಗೆಯಲ್ಲಿ ಕೊರಿಯರ್ ಪೆಟ್ಟಿಗೆ ಬಿಸಿಲಿನಲ್ಲಿ ನಿಂತರೆ ಸತ್ತ ಕೋಶಗಳು ಬಣ್ಣ ಹೀರಿ ತಪ್ಪು ವರದಿ ಬರುತ್ತದೆ. ಜೊತೆಗೆ ಅದೇ ದಿನ ತೆಗೆದ ಆರೋಗ್ಯವಂತರೊಬ್ಬರ ರಕ್ತವನ್ನೂ ಕಳಿಸಿದರೆ ಹೋಲಿಕೆಗೆ ಒಳ್ಳೆಯದು. ವರದಿ ಬಂದಾಗ ಶೇಕಡಾವಾರು ಮಾತ್ರ ನೋಡದೆ ಹೊಳಪಿನ ತೀವ್ರತೆಯನ್ನೂ ನೋಡುವಂತೆ ವೈದ್ಯರನ್ನು ಕೇಳಿ. ಮಧ್ಯಮ ಬಗೆಯಲ್ಲಿ ‘ಶೇ. 90 ಕೋಶಗಳು ಪಾಸಿಟಿವ್’ ಎಂದಿದ್ದರೂ ಒಂದೊಂದು ಕೋಶದ ಮೇಲಿನ ಪ್ರಮಾಣ ತೀರಾ ಕಡಿಮೆ ಇರಬಹುದು.

ಸಿಡಿ18 ಸರಿಯಾಗಿದೆ ಎಂದು ಬಂದರೂ, ಲಕ್ಷಣ ಮುಂದುವರಿದರೆ ಅಲ್ಲಿಗೇ ಬಿಡುವಂತಿಲ್ಲ. ಮೂರನೆಯ ಬಗೆಯಲ್ಲಿ ಸಿಡಿ18 ಪೂರ್ತಿ ಇರುತ್ತದೆ, ಅದನ್ನು ತೆರೆಯುವ ಕಿಂಡ್ಲಿನ್-3 ಇರುವುದಿಲ್ಲ. ಎಣಿಸಿದರೆ ಸರಿ, ಹಿಡಿದು ನೋಡಿದರೆ ಹಿಡಿತವಿಲ್ಲ. ಕಿಂಡ್ಲಿನ್-3 ಪ್ಲೇಟ್‌ಲೆಟ್‌ನ ಇಂಟೆಗ್ರಿನ್‌ಗೂ ಬೇಕಾದ್ದರಿಂದ ಈ ಮಕ್ಕಳಿಗೆ ಚರ್ಮದ ಮೇಲೆ ಕೆಂಪು ಚುಕ್ಕೆ, ಮೂಗಿನಲ್ಲಿ, ಕರುಳಿನಲ್ಲಿ ರಕ್ತಸ್ರಾವ ಇರುತ್ತದೆ. ಪ್ಲೇಟ್‌ಲೆಟ್ ಎಣಿಕೆ ಮಾತ್ರ ಸರಿ ಇರಬಹುದು. ಆಗ ಎಫ್‌ಇಆರ್‌ಎಂಟಿ-3 ಜೀನ್ ಪರೀಕ್ಷೆ ಬೇಕು.

ತೀವ್ರ ಬಗೆಗೆ ಇಂದು ನೆಲೆಯಾಗಿರುವ ಚಿಕಿತ್ಸೆ ಮೂಲಕೋಶ ಕಸಿ, ಅಂದರೆ ಮಜ್ಜೆ ಕಸಿ. ಸೋಂಕಿನಿಂದ ಮಗು ಸೊರಗುವ ಮುನ್ನ ಮಾಡಿದಷ್ಟೂ ಫಲಿತಾಂಶ ಚೆನ್ನ. ಹಾಗಾಗಿ ವರದಿ ಖಚಿತವಾದ ಕೂಡಲೇ ಮಗುವಿನ, ಅಣ್ಣ-ಅಕ್ಕಂದಿರ ಎಚ್‌ಎಲ್‌ಎ ಹೊಂದಾಣಿಕೆ ಪರೀಕ್ಷೆ ಆರಂಭಿಸಿ. ಜೀನ್ ಸರಿಪಡಿಸಿದ ಸ್ವಂತ ಮೂಲಕೋಶಗಳ ಚಿಕಿತ್ಸೆಯೂ ಮಕ್ಕಳ ಮೇಲಿನ ಪ್ರಯೋಗಗಳಲ್ಲಿ ನಡೆದಿದೆ. ಕಾಯಿಲೆ ಬರಲು ತಂದೆ, ತಾಯಿ ಇಬ್ಬರಿಂದಲೂ ಕೆಟ್ಟ ಪ್ರತಿ ಬರಬೇಕು. ಪ್ರತಿ ಬಸಿರಿನಲ್ಲೂ ಅದರ ಸಾಧ್ಯತೆ ಶೇ. 25. ಹತ್ತಿರದ ಸಂಬಂಧದಲ್ಲಿ ಮದುವೆಯಾದಾಗ ಇಬ್ಬರಲ್ಲೂ ಒಂದೇ ಪ್ರತಿ ಇರುವ ಸಂಭವ ಹೆಚ್ಚು. ಇದರಲ್ಲಿ ತಾಯಿಯದಾಗಲಿ ತಂದೆಯದಾಗಲಿ ತಪ್ಪಿಲ್ಲ, ಮನೆಯವರೆಲ್ಲರಿಗೂ ಇದನ್ನು ಹೇಳಿ. ಈ ಮಗುವಿನ ಜೀನ್ ದೋಷ ಯಾವುದೆಂದು ಗೊತ್ತಾದರೆ ಮುಂದಿನ ಬಸಿರಿನಲ್ಲಿ ಸುಮಾರು 11ರಿಂದ 13 ವಾರದೊಳಗೆ ಪರೀಕ್ಷಿಸಬಹುದು. ಮುಂದೆ ಹುಟ್ಟುವ ಮಗುವಿಗೆ ಬಿಸಿಜಿ ಲಸಿಕೆ ಹಾಕುವ ಮುನ್ನ ಈ ವಿಷಯ ವೈದ್ಯರಿಗೆ ತಿಳಿದಿರಲೇಬೇಕು, ಅದು ಜೀವಂತ ಲಸಿಕೆ.

ದೊಡ್ಡವರಾದ ಮಧ್ಯಮ ಬಗೆಯ ರೋಗಿಗಳಲ್ಲಿ ವಸಡು ಕರಗಿ ಹಲ್ಲು ಬೀಳುವುದು ಸಾಮಾನ್ಯ. ಅದಕ್ಕೆ ಬ್ಯಾಕ್ಟೀರಿಯ ಮಾತ್ರ ಕಾರಣವಲ್ಲ. ನ್ಯೂಟ್ರೊಫಿಲ್ ಅಂಗಾಂಶಕ್ಕೆ ಬಂದು, ಸತ್ತು, ಮ್ಯಾಕ್ರೊಫೇಜ್ ಅದನ್ನು ನುಂಗಿದಾಗ ಐಎಲ್-23 ಎಂಬ ಉರಿಯೂತದ ಸಂಕೇತ ತಗ್ಗುತ್ತದೆ. ಅವು ಬರದೇ ಇದ್ದರೆ ಐಎಲ್-23, ಐಎಲ್-17 ಏರುತ್ತಲೇ ಹೋಗಿ ಮೂಳೆ ಸವೆಯುತ್ತದೆ. 2017ರಲ್ಲಿ ವರದಿಯಾದ ರೋಗಿಯೊಬ್ಬರಿಗೆ ಐಎಲ್-23 ತಡೆಯುವ ಉಸ್ಟೆಕಿನುಮ್ಯಾಬ್ ಕೊಟ್ಟಾಗ ವಸಡಿನ ಉರಿಯೂತ ಇಳಿಯಿತು.

ಪ್ರಶ್ನೆ: ನನ್ನದು ಬಾಂಬೆ ರಕ್ತದ ಗುಂಪು. ಈ ಗುಂಪಿಗೂ ಬಿಳಿ ರಕ್ತಕಣ ಅಂಟದ ಕಾಯಿಲೆಗೂ ಸಂಬಂಧವಿದೆ ಎಂದು ಓದಿದೆ. ನಾನು ಹೆದರಬೇಕೆ?
— ರಕ್ತದಾನಿ, ಹುಬ್ಬಳ್ಳಿ

ಉತ್ತರ: ಹೆದರಬೇಕಿಲ್ಲ. 1952ರಲ್ಲಿ ಡಾ. ವೈ. ಎಂ. ಭೆಂಡೆ ಮತ್ತು ಸಹೋದ್ಯೋಗಿಗಳು ಮುಂಬಯಿಯಲ್ಲಿ ಮೊದಲು ಗುರುತಿಸಿದ ಈ ಗುಂಪಿನವರಲ್ಲಿ ಕೆಂಪು ರಕ್ತಕಣದ ‘ಎಚ್’ ಪ್ರತಿಜನಕ ಇರುವುದಿಲ್ಲ. ಅದನ್ನು ಕಟ್ಟಲು ಫ್ಯೂಕೋಸ್ ಎಂಬ ಸಕ್ಕರೆಯನ್ನು ಜೋಡಿಸುವ ಎಫ್‌ಯುಟಿ-1 ಕಿಣ್ವ ಅವರಲ್ಲಿ ಕೆಲಸ ಮಾಡುವುದಿಲ್ಲ. ಬಿಳಿ ರಕ್ತಕಣದಲ್ಲಿ ಸೆಲೆಕ್ಟಿನ್ ಹಿಡಿಯುವ ಸಕ್ಕರೆಗೂ ಫ್ಯೂಕೋಸ್ ಬೇಕು, ಆದರೆ ಅಲ್ಲಿ ಜೋಡಿಸುವ ಕಿಣ್ವಗಳು ಬೇರೆ. ನಿಮ್ಮಲ್ಲಿ ಅವು ಸರಿಯಾಗಿವೆ.

1992ರಲ್ಲಿ ವರದಿಯಾದ ಎರಡನೆಯ ಬಗೆಯ ಲ್ಯಾಡ್‌ನಲ್ಲಿ ಕೆಟ್ಟಿರುವುದು ಇನ್ನೂ ಮೇಲಿನ ಹಂತ: ಫ್ಯೂಕೋಸ್ ಅನ್ನು ಗಾಲ್ಜಿ ಕಾಯದೊಳಕ್ಕೆ (ಕೋಶದಲ್ಲಿ ಸಕ್ಕರೆ ಜೋಡಣೆ ನಡೆಯುವ ಜಾಗಕ್ಕೆ) ಸಾಗಿಸುವ ಪ್ರೋಟೀನ್. ಸಾಗಣೆಯೇ ನಿಂತರೆ ಎಚ್ ಪ್ರತಿಜನಕವೂ ಇಲ್ಲ, ಸೆಲೆಕ್ಟಿನ್ ಹಿಡಿಯುವ ಸಕ್ಕರೆಯೂ ಇಲ್ಲ. ಹೀಗಾಗಿ ಆ ಮಕ್ಕಳೆಲ್ಲ ಬಾಂಬೆ ಗುಂಪಿನವರಾಗಿ ಕಾಣುತ್ತಾರೆ, ಬೆಳವಣಿಗೆ ಮತ್ತು ಬುದ್ಧಿಶಕ್ತಿಯೂ ಕುಂಠಿತವಾಗಿರುತ್ತದೆ. ಕೆಲವರಿಗೆ ಬಾಯಿಂದ ಫ್ಯೂಕೋಸ್ ಕೊಟ್ಟಾಗ ಸೋಂಕು ಕಡಿಮೆಯಾಗಿದೆ. ಆ ಕಾಯಿಲೆಯವರಲ್ಲಿ ಬಾಂಬೆ ಗುಂಪು ಇರುತ್ತದೆಯೇ ಹೊರತು ಬಾಂಬೆ ಗುಂಪು ಇದ್ದ ಮಾತ್ರಕ್ಕೆ ಆ ಕಾಯಿಲೆ ಇದೆ ಎಂದಲ್ಲ. ನಿಮಗಿರುವ ನಿಜವಾದ ಅಪಾಯ ಬೇರೆ: ನಿಮಗೆ ‘ಓ’ ರಕ್ತ ಕೊಡಬಾರದು, ಬಾಂಬೆ ಗುಂಪಿನದೇ ಬೇಕು. ಅದನ್ನು ಬರೆದ ಚೀಟಿ ಸದಾ ಜೇಬಿನಲ್ಲಿರಲಿ.

ಪ್ರಶ್ನೆ: ಟಿ ಕೋಶ ಪ್ರತಿಜನಕವನ್ನು ತನ್ನ ಗ್ರಾಹಕದಿಂದಲೇ ಗುರುತಿಸುವಾಗ ಎಲ್‌ಎಫ್‌ಎ-1 ಏಕೆ ಬೇಕು? ಬರೀ ಆಸರೆಗೆ ತಾನೆ?
— ವೈದ್ಯಕೀಯ ವಿದ್ಯಾರ್ಥಿನಿ, ಮೈಸೂರು

ಉತ್ತರ: ಆಸರೆಯೂ ಹೌದು, ಅಷ್ಟಕ್ಕೇ ನಿಲ್ಲುವುದಿಲ್ಲ. ದುಗ್ಧಗ್ರಂಥಿಯಲ್ಲಿ ಟಿ ಕೋಶ ನಿಮಿಷಕ್ಕೆ ಸುಮಾರು 10 ಮೈಕ್ರೊಮೀಟರ್ ವೇಗದಲ್ಲಿ ಅಲೆಯುತ್ತಿರುತ್ತದೆ. ಸರಿಯಾದ ಪ್ರತಿಜನಕ ಸಿಕ್ಕ ಕೂಡಲೇ ಗ್ರಾಹಕದಿಂದ ಝ್ಯಾಪ್-70, ಎಲ್‌ಎಟಿ, ಎಸ್‌ಎಲ್‌ಪಿ-76, ಎಡಿಎಪಿ ದಾರಿಯಾಗಿ ಹೋದ ಸಂಕೇತ ರ‍್ಯಾಪ್-1ಕ್ಕೆ ಮುಟ್ಟಿ ಎಲ್‌ಎಫ್‌ಎ-1 ತೆರೆಯುತ್ತದೆ, ಕೋಶ ನಿಲ್ಲುತ್ತದೆ. ಸಂಪರ್ಕ ಪ್ರದೇಶ ನಿಮಿಷಗಳಲ್ಲಿ ವಿಂಗಡಣೆಯಾಗುತ್ತದೆ: ನಡುವೆ ಟಿ ಕೋಶ ಗ್ರಾಹಕಗಳು, ಸುತ್ತ ಎಲ್‌ಎಫ್‌ಎ-1 ಉಂಗುರ. 1998-99ರಲ್ಲಿ ಇದನ್ನು ಸೂಕ್ಷ್ಮದರ್ಶಕದಲ್ಲಿ ಸ್ಪಷ್ಟವಾಗಿ ಕಂಡರು.

ವಿಂಗಡಣೆಗೆ ಅಳತೆಯೂ ಕಾರಣ. ಗ್ರಾಹಕ ಪ್ರತಿಜನಕವನ್ನು ಹಿಡಿದಾಗ ಎರಡು ಪೊರೆಗಳ ಅಂತರ ಸುಮಾರು 15 ನ್ಯಾನೊಮೀಟರ್. ಎಲ್‌ಎಫ್‌ಎ-1 ಹಿಡಿದಲ್ಲಿ ಸುಮಾರು 40. ಸಿಡಿ45 ಎಂಬ ಎತ್ತರದ ಫಾಸ್ಫಟೇಸ್ ಕಿರಿದಾದ ಜಾಗದಿಂದ ಹೊರದೂಡಲ್ಪಡುತ್ತದೆ, ಅಲ್ಲಿ ಹಚ್ಚಿದ ಫಾಸ್ಫೇಟ್ ಅಳಿಯದೆ ಉಳಿಯುತ್ತದೆ. ಎಲ್‌ಎಫ್‌ಎ-1 ಹಿಡಿತವಿದ್ದಾಗ ಟಿ ಕೋಶ ಎಚ್ಚೆತ್ತುಕೊಳ್ಳಲು ಬೇಕಾದ ಪ್ರತಿಜನಕದ ಪ್ರಮಾಣ ಬಹಳ ಇಳಿಯುತ್ತದೆ. ಕೊಲ್ಲುವ ಟಿ ಕೋಶದಲ್ಲಿ ಪರ್ಫೊರಿನ್ ಎಂಬ ರಂಧ್ರ ಕೊರೆಯುವ ಪ್ರೋಟೀನ್ ಸುರಿಯುವ ಜಾಗದ ಸುತ್ತಲೂ ಇದೇ ಉಂಗುರ ಇರುತ್ತದೆ.

ಪ್ರಶ್ನೆ: ಐಕ್ಯಾಮ್-1 ಲೇಪಿಸಿದ ಪ್ಲೇಟಿಗೆ ನ್ಯೂಟ್ರೊಫಿಲ್ ಅಂಟಿಸುವ ಪ್ರಯೋಗ ಮಾಡುತ್ತಿದ್ದೇನೆ. ಒಂದು ದಿನ ಪ್ರಚೋದಿಸದ ಕೋಶಗಳೂ ಅಂಟುತ್ತವೆ, ಇನ್ನೊಂದು ದಿನ ಯಾವುದೂ ಅಂಟುವುದಿಲ್ಲ.
— ಪಿಎಚ್.ಡಿ. ವಿದ್ಯಾರ್ಥಿ, ಬೆಂಗಳೂರು

ಉತ್ತರ: ಪ್ರಚೋದನೆ ಇಲ್ಲದೆಯೂ ಅಂಟಿದರೆ ಮೊದಲ ಅನುಮಾನ ನಿಮ್ಮ ಐಕ್ಯಾಮ್-1ರ ಬಾಲದ ಮೇಲೆ. ಮಾರಾಟಕ್ಕೆ ಸಿಗುವುದು ಹೆಚ್ಚಾಗಿ ಐಕ್ಯಾಮ್-1-ಎಫ್‌ಸಿ, ಅಂದರೆ ಪ್ರತಿಕಾಯದ ಬಾಲ ಜೋಡಿಸಿದ್ದು. ನ್ಯೂಟ್ರೊಫಿಲ್‌ಗೆ ಎಫ್‌ಸಿ ಗ್ರಾಹಕಗಳಿವೆ, ಅವು ಬಾಲವನ್ನೇ ಹಿಡಿಯುತ್ತವೆ. ಎಫ್‌ಸಿ ಮಾತ್ರ ಲೇಪಿಸಿದ ಬಾವಿಗಳನ್ನು (ಪ್ಲೇಟಿನ ಗುಳಿಗಳನ್ನು) ಪಕ್ಕದಲ್ಲಿಡಿ, ಅಥವಾ ಹಿಸ್ಟಿಡಿನ್ ಬಾಲದ ಐಕ್ಯಾಮ್-1 ಕೊಳ್ಳಿ. ಎರಡನೆಯದು, ಬೇರ್ಪಡಿಸುವಾಗಲೇ ಕೋಶ ಕೆರಳುವುದು: ವೋರ್ಟೆಕ್ಸ್, ಗಾಜಿನ ಟ್ಯೂಬು, ಜೋರಾದ ಸೆಂಟ್ರಿಫ್ಯೂಜ್, ಬಿಎಸ್‌ಎಯಲ್ಲಿ ಬೆರೆತ ಎಂಡೊಟಾಕ್ಸಿನ್. ಪ್ರಯೋಗಕ್ಕೆ ಮುಂಚೆ ಒಂದಿಷ್ಟು ಕೋಶ ತೆಗೆದು ಸಿಡಿ62ಎಲ್ (ಎಲ್-ಸೆಲೆಕ್ಟಿನ್) ಮತ್ತು ಸಿಡಿ11ಬಿ ನೋಡಿ. ಸಿಡಿ62ಎಲ್ ಉದುರಿ ಸಿಡಿ11ಬಿ ಏರಿದ್ದರೆ ಆ ತಂಡವನ್ನು ಬಳಸಬೇಡಿ.

ಯಾವುದೂ ಅಂಟದ ದಿನ ಬಫರ್ ನೋಡಿ. ಇಂಟೆಗ್ರಿನ್‌ನ ಹಿಡಿಯುವ ತಾಣದಲ್ಲಿ ಮೆಗ್ನೀಸಿಯಂ ಕೂತಿರಬೇಕು. ಇಡಿಟಿಎಯ ಉಳಿಕೆ, ಅಥವಾ ಕ್ಯಾಲ್ಸಿಯಂ-ಮೆಗ್ನೀಸಿಯಂ ಇಲ್ಲದ ಪಿಬಿಎಸ್‌ನಲ್ಲಿ ತೊಳೆಯುವುದು, ಎರಡೂ ಹಿಡಿತ ಬಿಡಿಸುತ್ತವೆ. ಹೆಪೆಸ್ ಬಫರಿನ ಲವಣ ದ್ರಾವಣಕ್ಕೆ ತಲಾ 1 ಮಿಲಿಮೋಲಾರ್ ಕ್ಯಾಲ್ಸಿಯಂ, ಮೆಗ್ನೀಸಿಯಂ ಹಾಕಿ ಅದರಲ್ಲೇ ತೊಳೆಯಿರಿ. ಮಂಜುಗಡ್ಡೆಯ ಮೇಲಿಂದ ತೆಗೆದ ಕೋಶಗಳನ್ನು 37 ಡಿಗ್ರಿಗೆ 10 ನಿಮಿಷ ತಂದು ನಂತರ ಹಾಕಿ.

ಆರಂಭಕ್ಕೆ ಈ ಅಳತೆ ಇಟ್ಟುಕೊಳ್ಳಿ: ಬಾವಿಗೆ 50 ಮೈಕ್ರೊಲೀಟರ್, ಮಿಲಿಲೀಟರಿಗೆ 10 ಮೈಕ್ರೊಗ್ರಾಂ ಐಕ್ಯಾಮ್-1, 4 ಡಿಗ್ರಿಯಲ್ಲಿ ರಾತ್ರಿಯಿಡೀ, ಶೇ. 2 ಬಿಎಸ್‌ಎ ಒಂದು ಗಂಟೆ. ಕ್ಯಾಲ್ಸಿನ್-ಎಎಂ 2 ಮೈಕ್ರೊಮೋಲಾರ್‌ನಲ್ಲಿ 20 ನಿಮಿಷ ಬಣ್ಣ ಹಿಡಿಸಿದ 1 ಲಕ್ಷ ಕೋಶ. 37 ಡಿಗ್ರಿಯಲ್ಲಿ 20ರಿಂದ 30 ನಿಮಿಷ. ತೊಳೆಯುವ ಮುನ್ನ ಒಮ್ಮೆ, ನಂತರ ಒಮ್ಮೆ ಹೊಳಪು ಅಳೆಯಿರಿ. ಪಿಪೆಟ್ಟಿನಿಂದ ನೇರ ಎರಚಬೇಡಿ. ಬಾವಿ ತುಂಬ ಬಫರ್ ತುಂಬಿ, ಮುಚ್ಚಿ, ಪ್ಲೇಟನ್ನು ತಲೆಕೆಳಗಾಗಿ 20 ನಿಮಿಷ ಇಟ್ಟರೆ ಅಂಟದವು ತಾವೇ ಇಳಿಯುತ್ತವೆ, ಕೈಯಿಂದ ಕೈಗೆ ವ್ಯತ್ಯಾಸ ಬರುವುದಿಲ್ಲ.

ನಿಯಂತ್ರಣಗಳನ್ನು ಯೋಚಿಸಿ ಇಟ್ಟರೆ ದೋಷ ಯಾವ ಹಂತದಲ್ಲಿದೆ ಎಂದು ಪ್ಲೇಟೇ ಹೇಳುತ್ತದೆ. ಕೀಮೊಕೈನ್ ಪೂರ್ತಿ ದಾರಿಯನ್ನು ಪರೀಕ್ಷಿಸುತ್ತದೆ. ಪಿಎಂಎ (ಮಿಲಿಲೀಟರಿಗೆ 50 ನ್ಯಾನೊಗ್ರಾಂ) ಗ್ರಾಹಕವನ್ನು ಬಿಟ್ಟು ಒಳಗಿನಿಂದ ಶುರುಮಾಡುತ್ತದೆ. 1 ಮಿಲಿಮೋಲಾರ್ ಮ್ಯಾಂಗನೀಸ್ ಒಳಗಿನ ಯಾವ ಸಂಕೇತವೂ ಇಲ್ಲದೆ ಹೊರಗಿನಿಂದಲೇ ತಲೆ ತೆರೆಯುತ್ತದೆ. ಕೀಮೊಕೈನ್ ಸೋತು ಪಿಎಂಎ ಗೆದ್ದರೆ ತೊಂದರೆ ಗ್ರಾಹಕದ ಬಳಿ. ಪಿಎಂಎ ಸೋತು ಮ್ಯಾಂಗನೀಸ್ ತಕ್ಕಮಟ್ಟಿಗೆ ಗೆದ್ದರೆ ಟಾಲಿನ್-ಕಿಂಡ್ಲಿನ್ ಹಂತದಲ್ಲಿ. ಮೂರನೆಯ ಬಗೆಯ ಲ್ಯಾಡ್ ರೋಗಿಯ ಕೋಶ ಹೀಗೇ ಕಾಣುತ್ತದೆ. ಮೂರೂ ಸೋತರೆ ಇಂಟೆಗ್ರಿನ್ನೇ ಇಲ್ಲ, ಇಲ್ಲವೇ ಲೇಪ ಕೂತಿಲ್ಲ. ಮ್ಯಾಂಗನೀಸನ್ನು ಫಾಸ್ಫೇಟ್ ಬಫರಿಗೆ ಹಾಕಬೇಡಿ, ಗಸಿಯಾಗಿ ತಳಕ್ಕಿಳಿಯುತ್ತದೆ. ಸಿಡಿ18 ತಡೆಯುವ ಪ್ರತಿಕಾಯದ ಬಾವಿ ಇಲ್ಲದೆ ಯಾವ ಅಂಕಿಯನ್ನೂ ಬೀಟಾ-2 ಇಂಟೆಗ್ರಿನ್‌ನದೆಂದು ಬರೆಯಬೇಡಿ. ಆಕಾರವನ್ನೇ ನೋಡಬೇಕಿದ್ದರೆ ಕೆಐಎಂ127 ಪ್ರತಿಕಾಯ ಎದ್ದು ನಿಂತದ್ದನ್ನು, ಎಂಎಬಿ24 ತಲೆ ತೆರೆದದ್ದನ್ನು ಗುರುತಿಸುತ್ತವೆ.

ಮುಂದೆ ಹರಿವಿನ ಕೋಣೆಗೆ ಹೋಗುವಿರಾದರೆ ಕೀಮೊಕೈನನ್ನು ಐಕ್ಯಾಮ್-1 ಜೊತೆಗೇ ತಳಕ್ಕೆ ಅಂಟಿಸಿ. ದ್ರವದಲ್ಲಿ ಬೆರೆಸಿದ್ದು ಹರಿವಿನಲ್ಲಿ ಕೋಶವನ್ನು ಅಷ್ಟಾಗಿ ನಿಲ್ಲಿಸುವುದಿಲ್ಲ. 5 ಮಿಲಿಮೀಟರ್ ಅಗಲ, 0.2 ಮಿಲಿಮೀಟರ್ ಎತ್ತರದ ಕೋಣೆಯಲ್ಲಿ 37 ಡಿಗ್ರಿಯ ಬಫರಿಗೆ ಚದರ ಸೆಂಟಿಮೀಟರಿಗೆ 1 ಡೈನ್ ಸವೆತಬಲ ಬೇಕೆಂದರೆ ನಿಮಿಷಕ್ಕೆ ಸುಮಾರು 0.29 ಮಿಲಿಲೀಟರ್ ಹರಿಸಬೇಕು. ಬಲ ಎತ್ತರದ ವರ್ಗಕ್ಕೆ ವಿಲೋಮವಾಗಿರುವುದರಿಂದ ಗ್ಯಾಸ್ಕೆಟ್ ಒತ್ತಿ ಎತ್ತರ 0.18ಕ್ಕೆ ಇಳಿದರೂ ಬಲ ಶೇ. 23 ಏರುತ್ತದೆ.

ಪ್ರಶ್ನೆ: ಮಗಳಿಗೆ ಅಲ್ಸರೇಟಿವ್ ಕೊಲೈಟಿಸ್ (ದೊಡ್ಡ ಕರುಳಿನ ಉರಿಯೂತ). ವೆಡೊಲಿಜುಮ್ಯಾಬ್ ಹೇಳಿದ್ದಾರೆ. ಇದೇ ಜಾತಿಯ ಔಷಧಗಳಿಂದ ಮಿದುಳಿಗೆ ಸೋಂಕು ತಗುಲುತ್ತದೆ ಎಂದು ಕೇಳಿ ಆತಂಕವಾಗಿದೆ.
— ತಾಯಿ, ಉಡುಪಿ

ಉತ್ತರ: ನೀವು ಕೇಳಿದ್ದು ನಟಾಲಿಜುಮ್ಯಾಬ್ ವಿಷಯ. ಅದು ಇಂಟೆಗ್ರಿನ್‌ನ ಆಲ್ಫಾ-4 ಸರಪಳಿಯನ್ನು ತಡೆಯುತ್ತದೆ. ಆಲ್ಫಾ-4 ಬೀಟಾ-1ರ ಜೊತೆ ಸೇರಿ ನಾಳದ ಗೋಡೆಯ ವಿಕ್ಯಾಮ್-1 ಹಿಡಿದು ಮಿದುಳಿಗೆ, ಬೀಟಾ-7ರ ಜೊತೆ ಸೇರಿ ಮ್ಯಾಡ್‌ಕ್ಯಾಮ್-1 ಹಿಡಿದು ಕರುಳಿಗೆ ಟಿ ಕೋಶಗಳನ್ನು ಒಯ್ಯುತ್ತದೆ. ಎರಡೂ ಬಾಗಿಲು ಮುಚ್ಚಿದ್ದರಿಂದ ಮಲ್ಟಿಪಲ್ ಸ್ಕ್ಲೆರೋಸಿಸ್‌ಗೆ ಒಳ್ಳೆಯ ಫಲ ಸಿಕ್ಕಿತು, ಆದರೆ ಜೆಸಿ ವೈರಸ್ ಮಿದುಳಿನಲ್ಲಿ ತಲೆಯೆತ್ತಿದಾಗ ಕಾಯುವವರಿರಲಿಲ್ಲ. 2004ರಲ್ಲಿ ಅನುಮತಿ ಪಡೆದ ಔಷಧವನ್ನು 2005ರಲ್ಲಿ ಹಿಂದಕ್ಕೆ ಪಡೆದು, 2006ರಲ್ಲಿ ಕಟ್ಟುನಿಟ್ಟಿನ ನಿಗಾ ಷರತ್ತಿನೊಂದಿಗೆ ಮರಳಿ ತಂದರು. ಸೋರಿಯಾಸಿಸ್‌ಗೆಂದು ಎಲ್‌ಎಫ್‌ಎ-1 ತಡೆಯುತ್ತಿದ್ದ ಎಫಲಿಜುಮ್ಯಾಬ್ ಇದೇ ಮಿದುಳಿನ ಸೋಂಕಿನಿಂದಾಗಿ 2009ರಲ್ಲಿ ಪೂರ್ತಿ ಹೋಯಿತು.

ವೆಡೊಲಿಜುಮ್ಯಾಬ್ ಆಲ್ಫಾ-4 ಬೀಟಾ-7 ಜೋಡಿಯನ್ನು ಮಾತ್ರ ಹಿಡಿಯುತ್ತದೆ. ಮ್ಯಾಡ್‌ಕ್ಯಾಮ್-1 ಇರುವುದು ಮುಖ್ಯವಾಗಿ ಕರುಳಿನ ನಾಳಗಳಲ್ಲಿ, ಮಿದುಳಿನ ಬಾಗಿಲು ತೆರೆದೇ ಇರುತ್ತದೆ. 2014ರಿಂದ ಬಳಕೆಯಲ್ಲಿದ್ದು ಆ ಸೋಂಕಿನ ವಿಷಯದಲ್ಲಿ ಇದರ ದಾಖಲೆ ನಟಾಲಿಜುಮ್ಯಾಬ್‌ನದಕ್ಕಿಂತ ತೀರಾ ಬೇರೆ. ಸಾಮಾನ್ಯ ಕ್ರಮ 300 ಮಿಲಿಗ್ರಾಂ ಡ್ರಿಪ್, 0, 2, 6ನೇ ವಾರ, ಆಮೇಲೆ 8 ವಾರಕ್ಕೊಮ್ಮೆ. ಇದು ಹೊಸ ಕೋಶಗಳ ಪ್ರವೇಶವನ್ನು ತಡೆಯುತ್ತದೆ, ಆಗಲೇ ಕರುಳಿನಲ್ಲಿ ಇರುವವನ್ನು ಹೊರಹಾಕುವುದಿಲ್ಲ. ಹಾಗಾಗಿ ಎರಡು ಡ್ರಿಪ್ ಆದರೂ ಗುಣ ಕಾಣಲಿಲ್ಲವೆಂದು ಬಿಡಬೇಡಿ, ಫಲ ತಿಳಿಯಲು ಸಾಮಾನ್ಯವಾಗಿ 6ರಿಂದ 14 ವಾರ ಕಾಯುತ್ತಾರೆ. ಆ ಅವಧಿಗೆ ವೈದ್ಯರು ಸ್ಟಿರಾಯ್ಡ್ ಜೊತೆಗಿಟ್ಟು ಮೆಲ್ಲನೆ ಇಳಿಸುತ್ತಾರೆ. ಶುರುಮಾಡುವ ಮುನ್ನ ಕ್ಷಯ ಮತ್ತು ಹೆಪಟೈಟಿಸ್-ಬಿ ಪರೀಕ್ಷೆ ಆಗಿದೆಯೇ ಕೇಳಿ. ಕರುಳಿನ ಸೋಂಕು ಸ್ವಲ್ಪ ಹೆಚ್ಚಬಹುದು, ಭೇದಿ ಏಕಾಏಕಿ ಹೆಚ್ಚಿದರೆ ಕಾಯಿಲೆ ಉಲ್ಬಣಿಸಿತೆಂದು ಊಹಿಸದೆ ಮಲ ಪರೀಕ್ಷೆ ಮಾಡಿಸಿ.

ಬಾಯಿಂದ ನುಂಗುವ ಗುಳಿಗೆ ಏಕಿಲ್ಲ ಎಂದೂ ಕೇಳಿದ್ದೀರಿ. ಇಂಟೆಗ್ರಿನ್‌ನ ತಾಣಕ್ಕೆ ಸರಿಹೊಂದುವ ಸಣ್ಣ ಅಣುಗಳು ಅದನ್ನು ತಡೆಯುತ್ತಲೇ ತೆರೆದ ಆಕಾರಕ್ಕೆ ತಳ್ಳಿಬಿಡಬಹುದು. ಹೃದಯಾಘಾತ ತಡೆಯಲೆಂದು ಪ್ಲೇಟ್‌ಲೆಟ್ ಇಂಟೆಗ್ರಿನ್ ವಿರುದ್ಧ ಮಾಡಿದ ಗುಳಿಗೆಗಳ ಪ್ರಯೋಗಗಳಲ್ಲಿ ಸಾವು ಕಡಿಮೆಯಾಗುವ ಬದಲು ಹೆಚ್ಚಿತು. ಅದಕ್ಕೆ ಕೊಡುವ ಕಾರಣಗಳಲ್ಲಿ ಇದು ಮುಖ್ಯವಾದದ್ದು. ಆಲ್ಫಾ-4ರ ವಿರುದ್ಧ ಗುಳಿಗೆಗಳ ಪ್ರಯೋಗ ನಡೆದಿದೆ, ಆದರೆ ನಿಮ್ಮ ಮಗಳಿಗೆ ಈಗ ಸಿಗುವುದು ಡ್ರಿಪ್. ಮೊದಲ ಎರಡು ಡ್ರಿಪ್ ಆದ ಮೇಲೆ ಎರಡು ಗಂಟೆ, ನಂತರದವುಗಳಿಗೆ ಒಂದು ಗಂಟೆ ಆಸ್ಪತ್ರೆಯಲ್ಲೇ ಕೂರಿಸಿ ನೋಡುತ್ತಾರೆ. ಆ ದಿನಗಳಲ್ಲಿ ಊರಿಗೆ ಮರಳುವ ಬಸ್ಸನ್ನು ಸಂಜೆಗೆ ಇಟ್ಟುಕೊಳ್ಳಿ.